ತಿರುಳು ಕಾರ್ಖಾನೆಯ ಕೊಳಚೆ ಸೇರಿದ್ದ ಕೆರೆಯ ಹೂಳನ್ನು ತೋಟಕ್ಕೆ ಹಾಕಬಹುದೇ?

ಕಾಗದದಂಥವಕ್ಕೆ ಬೇಕಾದ ಮರದ ತಿರುಳು ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿ ಬಹಳ ವರ್ಷಗಳಾಗಿವೆ, ಅದರ ಕೊಳಚೆ ಸೇರುತ್ತಿದ್ದ ಕೆರೆಯ ನೀರು ಈಗ ತಿಳಿಯಾಗಿದೆ, ಪರೀಕ್ಷೆಯಲ್ಲೂ ದೋಷ ಕಾಣಲಿಲ್ಲ, ಇನ್ನು ಹೂಳೆತ್ತಿ ಅಡಿಕೆ ತೋಟಕ್ಕೆ ಹಾಕಬಹುದಲ್ಲವೇ ಎಂದು ತಾವು ಕೇಳಿದ್ದೀರಿ. ನಾನು ಕಾಸರಗೋಡು ಜಿಲ್ಲೆಯವನು, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತನಾದವನು. ಮನೆಯ ಸುತ್ತ ಅಡಿಕೆ ತೋಟವಿದೆ, ಬೇಸಗೆಯಲ್ಲಿ ಕೆರೆಯ ಹೂಳನ್ನು ಮರದ ಬುಡಕ್ಕೆ ಹಾಕುವ ರೂಢಿ ನಮ್ಮಲ್ಲೂ ಇದೆ. ಆದರೂ ಈ ಹೂಳನ್ನು ಪರೀಕ್ಷಿಸದೆ ಮುಟ್ಟಬೇಡಿ ಎನ್ನುತ್ತೇನೆ. ತಮ್ಮ ಕೈಯಲ್ಲಿರುವುದು ನೀರಿನ ವರದಿ, ಹೂಳಿನದ್ದಲ್ಲ.

ಮರದ ಚೂರುಗಳನ್ನು ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನಲ್ಲಿ ಬೇಯಿಸಿದಾಗ ನಾರನ್ನು ಅಂಟಿಸಿಕೊಂಡಿರುವ ಲಿಗ್ನಿನ್ ಕರಗಿ ಕಪ್ಪು ದ್ರಾವಣವಾಗುತ್ತದೆ. ನಾರಿನಲ್ಲಿ ಉಳಿದ ಲಿಗ್ನಿನ್ನನ್ನು ತೆಗೆಯಲು ಹಳೆಯ ಕಾರ್ಖಾನೆಗಳು ಕ್ಲೋರಿನ್ ಅನಿಲದಿಂದ ಬಿಳುಪು ಮಾಡುತ್ತಿದ್ದವು. ಕ್ಲೋರಿನ್ ಸೇರಿದ ಫಿನಾಲುಗಳು, ಬಹುಕಾಲ ಅಳಿಯದ ವಿಷಗಳಾದ ಡಯಾಕ್ಸಿನ್‌ಗಳು ಹುಟ್ಟಿಕೊಳ್ಳುತ್ತಿದ್ದುದು ಮುಖ್ಯವಾಗಿ ಈ ಹಂತದಲ್ಲಿ. ಡಯಾಕ್ಸಿನ್ ನೀರಿನಲ್ಲಿ ಕರಗುವುದು ಅತಿ ಕಡಿಮೆ. ಅದು ನಾರಿನ ಎಳೆಗೂ ಕೊಳೆತ ಸೊಪ್ಪಿನ ಕಣಕ್ಕೂ ಅಂಟಿಕೊಂಡು ತಳಕ್ಕಿಳಿಯುತ್ತದೆ. ಆದ್ದರಿಂದ ಮೇಲಿನ ನೀರು ತಿಳಿಯಾಗಿರುವುದು ತಳ ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ. ನಮ್ಮ ಕೇರಳದ ಮಾವೂರಿನ ತಿರುಳು ಕಾರ್ಖಾನೆಯ ಕೊಳಚೆ ಚಾಲಿಯಾರ್ ಹೊಳೆಗೆ ಸೇರುತ್ತಿತ್ತು. ಹೊಳೆಯಾದರೆ ಮಳೆಗಾಲದ ನೆರೆ ಒಂದಷ್ಟನ್ನಾದರೂ ಕಡಲಿಗೆ ಒಯ್ಯುತ್ತದೆ, ಕೆರೆಗೆ ಆ ದಾರಿಯಿಲ್ಲ.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಜೊತೆ ಹತ್ತಿರದ ಒಂದು ಮದಕದಲ್ಲಿ (ಮಳೆನೀರಿನ ಕೆರೆಯಲ್ಲಿ), ಯಾವ ಕಾರ್ಖಾನೆಯ ಸೋಂಕೂ ಇಲ್ಲದ್ದು ಅದು, ಎರಡಿಂಚಿನ ಪಿವಿಸಿ ಪೈಪನ್ನು ಹೂಳಿಗೆ ಒತ್ತಿ, ಮೇಲಿನ ಬಾಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಮೇಲೆತ್ತಿದ್ದೆವು. ಮೇಲುಗಡೆ ಬೆರಳಿನಷ್ಟು ಕಂದು ಮಣ್ಣು, ಅದರಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ಕರಿ ಕೆಸರು, ಕೆಳಗೆ ಮುರಕಲ್ಲಿನ ಕೆಂಪು ನೊರಜು. ಆ ಕರಿ ಕೆಸರಿನಲ್ಲಿ ಕೈಯಾಡಿಸಿದ ಹುಡುಗಿಯೊಬ್ಬಳ ಬೆಳ್ಳಿಯುಂಗುರ ಸಂಜೆಯೊಳಗೆ ಕಪ್ಪಾಗಿತ್ತು. ಬರೀ ಎಲೆ ಕೊಳೆತ ಮದಕದಲ್ಲಿಯೇ ಇಷ್ಟು ಸಲ್ಫೈಡ್ ಇದ್ದರೆ, ದಶಕಗಟ್ಟಲೆ ನಾರು ತುಂಬಿದ ಕೆರೆಯ ತಳವನ್ನು ತಾವೇ ಊಹಿಸಿಕೊಳ್ಳಿ. ಇಂಥ ಕೆಸರನ್ನು ಗಾಳಿಗೆ ಹರಡಿದರೆ ಸಲ್ಫೈಡ್ ಆಮ್ಲವಾಗುತ್ತದೆ, ಅದುವರೆಗೆ ಹಿಡಿದಿಟ್ಟ ಲೋಹಗಳು ಬಿಡಿಸಿಕೊಳ್ಳುತ್ತವೆ. ಪಾದರಸವಿದ್ದರೆ, ಗಾಳಿಯಾಡದ ಕೆಸರಿನ ಬ್ಯಾಕ್ಟೀರಿಯಗಳು ಅದನ್ನು ಮೀಥೈಲ್ ಪಾದರಸವಾಗಿಸಿ ಮೀನಿಗೆ ದಾಟಿಸುತ್ತವೆ. ಕೆನಡಾದ ಡ್ರೈಡನ್‌ನಲ್ಲಿ ಪಾದರಸ ಬಳಸಿ ಕ್ಲೋರಿನ್ ತಯಾರಿಸಿ ತಿರುಳು ಕಾರ್ಖಾನೆಗೆ ಒದಗಿಸುತ್ತಿದ್ದ ಘಟಕ 1962ರಿಂದ 1970ರ ತನಕ ಸುಮಾರು 9 ಟನ್ ಪಾದರಸವನ್ನು ವಾಬಿಗೂನ್ ನದಿಗೆ ಬಿಟ್ಟಿತ್ತು. ಅರ್ಧ ಶತಮಾನ ಕಳೆದರೂ ಕೆಳಗಿನ ಕೆರೆಗಳ ಮೀನು ಅದರಿಂದ ಬಿಡುಗಡೆ ಹೊಂದಿಲ್ಲ.

ಅಡಿಕೆ ಮರ ಡಯಾಕ್ಸಿನ್ನನ್ನು ಬೇರಿನಿಂದ ಹೀರುವುದು ಕಡಿಮೆ ಎಂಬುದು ನಿಜ. ಆದರೆ ತೋಟದಲ್ಲಿ ಕೆದಕುವ ಕೋಳಿಯ ಮೊಟ್ಟೆಯಲ್ಲಿ, ಮಣ್ಣು ಮೆತ್ತಿದ ಹುಲ್ಲು ತಿಂದ ದನದ ಹಾಲಿನಲ್ಲಿ ಅದು ಸೇರಿಕೊಳ್ಳುತ್ತದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದನ್ನು ಕಂಡ ಜಿಲ್ಲೆಯವನಾದ್ದರಿಂದ ನನಗೆ ಈ ವಿಚಾರದಲ್ಲಿ ಧೈರ್ಯ ಸ್ವಲ್ಪ ಕಡಿಮೆ ಎಂದರೂ ತಪ್ಪಿಲ್ಲ.

ಕೊಳಚೆ ಬೀಳುತ್ತಿದ್ದ ಜಾಗ, ಕೆರೆಯ ನಡು, ಕೋಡಿಯ ಬಳಿ, ಈ ಮೂರು ಕಡೆಯಾದರೂ ಪೈಪಿನಲ್ಲಿ ಹೂಳು ತೆಗೆದು, ಆಳಕ್ಕನುಸಾರವಾಗಿ ತುಂಡರಿಸಿ, ಗಾಜಿನ ಭರಣಿಯಲ್ಲಿ ತಂಪಾಗಿಟ್ಟು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಹೋಲಿಕೆಗೆ ಕಾರ್ಖಾನೆಯ ನೀರು ಮುಟ್ಟದ ಬೇರೊಂದು ಕೆರೆಯ ಹೂಳೂ ಬೇಕು. ಪಾದರಸವನ್ನೂ ಒಟ್ಟು ಕ್ಲೋರಿನ್ ಸಂಯುಕ್ತಗಳನ್ನೂ ಮೊದಲು ನೋಡಿಸಿ. ಡಯಾಕ್ಸಿನ್ ಪರೀಕ್ಷೆ ದುಬಾರಿ, ಮೊದಲಿನವು ಹೆಚ್ಚು ಬಂದ ತುಂಡುಗಳಿಗೆ ಮಾತ್ರ ಮಾಡಿಸಿದರೆ ಖರ್ಚು ಉಳಿಯುತ್ತದೆ. ಸುಮಾರು 22 ವರ್ಷಕ್ಕೆ ಅರ್ಧವಾಗುವ ಸೀಸ-210 ಎಂಬ ವಿಕಿರಣ ಸೂಸುವ ಸೀಸದ ಅಳತೆಯಿಂದ ಯಾವ ಪದರ ಯಾವ ಕಾಲದ್ದೆಂದು ಹೇಳಬಹುದು. ಕಾರ್ಖಾನೆಯ ಕಾಲದ ಪದರದ ಮೇಲೆ ಹೊಸ ಮಣ್ಣು ದಪ್ಪವಾಗಿ ಕುಳಿತಿದ್ದರೆ ಕೆದಕದೆ ಬಿಡುವುದೇ ಲೇಸು, ಜೆಸಿಬಿ ಇಳಿಸಿದರೆ ಆ ಮುಚ್ಚಳ ಒಡೆಯುತ್ತದೆ. ಸ್ವೀಡನ್ನಿನ ಯಾರ್ನ್‌ಷೋನ್ ಕೆರೆಯಿಂದ 1993–94ರಲ್ಲಿ ಕಾಗದದ ಕಾರ್ಖಾನೆಯ ಪಿಸಿಬಿ (ಕ್ಲೋರಿನ್ ಸೇರಿದ ಇನ್ನೊಂದು ಬಗೆಯ ವಿಷ) ಬೆರೆತ ಹೂಳನ್ನು ತೆಗೆದಾಗ ಅದನ್ನು ಹೊಲಕ್ಕೆ ಹಾಕಲಿಲ್ಲ, ಪ್ರತ್ಯೇಕ ಜಾಗದಲ್ಲಿ ಹೂತು ಮುಚ್ಚಿದರು. ವರದಿ ಬರುವ ತನಕ ಈ ಬೇಸಗೆಗೆ ಹಟ್ಟಿಗೊಬ್ಬರ, ಸೊಪ್ಪಿನಲ್ಲೇ ಸುಧಾರಿಸಿಕೊಳ್ಳಿ.