ಥರ್ಮೋಸ್ಟಾಟ್ ಇರಲಿ, ಮೊದಲು ಸೋರಿಕೆ ಹುಡುಕಿ

ಪ್ರಶ್ನೆ: ನನ್ನದು ಹಳೆ ಮಾರುತಿ 800. ಎರಡು ಮೂರು ದಿನಕ್ಕೊಮ್ಮೆ ರೇಡಿಯೇಟರ್‌ಗೆ ನೀರು ಹಾಕಬೇಕಾಗುತ್ತದೆ. ಗಾಡಿ ಕೆಳಗೆ ಒಂದು ಹನಿಯೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಸೋಲಾಪುರ ರಸ್ತೆ ಹಿಡಿದರೆ ಇಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೇರುತ್ತದೆ. ಥರ್ಮೋಸ್ಟಾಟ್ ತೆಗೆದುಬಿಡೋಣ ಅಂತ ಮೆಕ್ಯಾನಿಕ್ ಹೇಳುತ್ತಾರೆ. ಮನೆಯಲ್ಲೇ ಏನಾದರೂ ಮಾಡಬಹುದಾ?
– ಓದುಗರು, ವಿಜಯಪುರ

ಉತ್ತರ: ಮಾಡಬಹುದು. ಆದರೆ ಥರ್ಮೋಸ್ಟಾಟ್ ಮಾತ್ರ ತೆಗೆಸಬೇಡಿ. ಇಂಜಿನ್ ಹದವಾಗಿ ಕಾಯುವವರೆಗೆ ರೇಡಿಯೇಟರ್‌ಗೆ ನೀರು ಬಿಡದ ಕವಾಟ ಅದು. ನಮ್ಮ ಕಡೆ ಬಿಸಿಲು ಜಾಸ್ತಿ, ಅದು ಬೇಕಾಗಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಅದಿಲ್ಲದೆ ಇಂಜಿನ್ ಹದವಾಗಿ ಕಾಯುವುದೇ ತಡವಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಹೆಚ್ಚು. ಅದನ್ನು ತೆಗೆದರೆ ಸೋರಿಕೆಯೇನೂ ನಿಲ್ಲುವುದಿಲ್ಲ. ಅನುಮಾನವಿದ್ದರೆ ಬಿಚ್ಚಿ, ಹಳೆ ಪಾತ್ರೆಯೊಂದರಲ್ಲಿ ನೀರು ಕಾಯಿಸಿ, ದಾರ ಕಟ್ಟಿ ಇಳಿಬಿಡಿ. ಎಷ್ಟು ಡಿಗ್ರಿಗೆ ತೆರೆಯಬೇಕು ಅನ್ನೋದು ಅದರ ಮೇಲೇ ಒತ್ತಿರುತ್ತದೆ. ನೀರು ಕುದಿಯುವ ಹೊತ್ತಿಗೂ ತೆರೆಯದಿದ್ದರೆ ಹೊಸದು ಹಾಕಿ.

ಇನ್ನು ಸೋರಿಕೆ. ಕಾದ ಇಂಜಿನ್ ಮೇಲೆ ಬಿದ್ದ ಹನಿ ಅಲ್ಲೇ ಆರಿ ಹೋಗುತ್ತದೆ, ಅದಕ್ಕೇ ನೆಲ ಒಣಗಿರುತ್ತದೆ. ಕಲೆ ಮಾತ್ರ ಉಳಿಯುತ್ತದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಟಾರ್ಚ್ ಹಿಡಿದು ನೋಡಿ. ಸಾದಾ ನೀರಾದರೆ ಸುಣ್ಣದಂಥ ಬಿಳಿ ಕರೆ, ಕೂಲಂಟ್ (ಇಂಜಿನ್ ತಂಪಾಗಿಡಲು ನೀರಿಗೆ ಬೆರೆಸುವ ಬಣ್ಣದ ದ್ರವ) ಆದರೆ ಹಸಿರೋ ಗುಲಾಬಿಯೋ ಬಣ್ಣದ ಕರೆ. ಹೋಸ್‌ನ ತುದಿಗಳಲ್ಲಿ, ಕ್ಲಿಪ್ ಕೆಳಗೆ, ವಾಟರ್ ಪಂಪ್ ಅಡಿಯ ಸಣ್ಣ ತೂತಿನ ಹತ್ತಿರ, ಪ್ಲಾಸ್ಟಿಕ್ ಟ್ಯಾಂಕ್ ಇರುವ ರೇಡಿಯೇಟರ್ ಆದರೆ ಟ್ಯಾಂಕ್ ಅಲ್ಯುಮಿನಿಯಂಗೆ ಕೂಡುವ ಗೆರೆಯಲ್ಲಿ ಹುಡುಕಿ. ಹೀಟರ್ ಇದ್ದರೆ ಮುಂದಿನ ಸೀಟಿನಲ್ಲಿ ಕೂತವರು ಕಾಲಿಡುವ ಜಾಗದ ಮ್ಯಾಟ್ ಎತ್ತಿ ಮುಟ್ಟಿ ನೋಡಿ, ಅಂಟಂಟು ತೇವ ಸಿಕ್ಕರೆ ಸೋರಿಕೆ ಗಾಡಿಯ ಒಳಗೇ ಇದೆ.

ಆಮೇಲೆ ರೇಡಿಯೇಟರ್ ಕ್ಯಾಪ್. ಇದನ್ನು ಯಾರೂ ನೋಡುವುದೇ ಇಲ್ಲ, ಅಲ್ವಾ? ಕ್ಯಾಪ್ ಮೇಲೆ 0.9 ಅಂತ ಇದ್ದರೆ ಅಷ್ಟು ಬಾರ್ ಒತ್ತಡವನ್ನು ಅದು ಹಿಡಿದಿಡುತ್ತದೆ ಎಂದರ್ಥ. ಆ ಒತ್ತಡದಲ್ಲಿ ಬರೀ ನೀರೂ ಸುಮಾರು 118 ಡಿಗ್ರಿವರೆಗೆ ಕುದಿಯುವುದಿಲ್ಲ. ರಬ್ಬರ್ ಗಟ್ಟಿಯಾಗಿ ಒತ್ತಡ ಸೋರಿಹೋದರೆ ನೀರು ಬೇಗ ಕುದ್ದು, ಉಕ್ಕಿ ಹೊರಗೆ ಹೋಗುತ್ತದೆ. ತಣ್ಣಗಿದ್ದಾಗ ಬಿಚ್ಚಿ, ರಬ್ಬರ್ ಬಿಲ್ಲೆಯನ್ನು ಉಗುರಿನಿಂದ ಒತ್ತಿ. ಮೆತ್ತಗೆ ಬಗ್ಗದೆ ಕಲ್ಲಿನಂತಾಗಿದ್ದರೆ ಅದೇ ನಂಬರಿನ ಹೊಸ ಕ್ಯಾಪ್ ತನ್ನಿ, ಎಲ್ಲಕ್ಕಿಂತ ಕಡಿಮೆ ಖರ್ಚಿನ ರಿಪೇರಿ ಇದೇ.

ಹೋಸ್ ಬದಲಿಸುವಾಗ ತಿರುಚಿ ಎಳೆಯಬೇಡಿ, ಹೋಸ್ ಕೂರುವ ರೇಡಿಯೇಟರ್‌ನ ಹಳೆ ಪ್ಲಾಸ್ಟಿಕ್ ಕತ್ತು ಪಟ್ ಅಂತ ಮುರಿಯುತ್ತದೆ. ಬ್ಲೇಡಿನಿಂದ ಉದ್ದಕ್ಕೆ ಸೀಳಿ ಬಿಡಿಸಿ. ಕತ್ತಿಗೆ ಅಂಟಿದ ಕರೆಯನ್ನು ಮೆತ್ತಗೆ ಕೆರೆದು ತೆಗೆಯಿರಿ. ಹೊಸ ಹೋಸ್ ಒಳಗೆ ಸ್ವಲ್ಪ ಸೋಪಿನ ನೀರು ಸವರಿದರೆ ಸರಾಗವಾಗಿ ಕೂರುತ್ತದೆ, ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬುತ್ತದೆ. ಕತ್ತಿನ ತುದಿಯಲ್ಲಿರುವ ಉಬ್ಬು ಗೆರೆ ದಾಟಿಸಿ ಕ್ಲಿಪ್ ಬಿಗಿಯಿರಿ.

ಬಿರುಕು ಬಿಟ್ಟ ಪ್ಲಾಸ್ಟಿಕ್ ಟ್ಯಾಂಕಿಗೆ ಎಂ-ಸೀಲ್ ಮೆತ್ತುವುದು ಸುಮ್ನೆ ಕೆಲಸ. ದಿನಾ ಕಾದು ತಣ್ಣಗಾಗುವ ಜಾಗ ಅದು, ಬಿಟ್ಟುಕೊಳ್ಳುತ್ತದೆ. ತಾಮ್ರ-ಹಿತ್ತಾಳೆ ರೇಡಿಯೇಟರ್ ಆದರೆ ಬೆಸುಗೆ ಹಾಕಿಸಬಹುದು. ಅರಿಶಿನ ಪುಡಿ ಸುರಿದರೆ ಸಣ್ಣ ತೂತು ಮುಚ್ಚುವುದುಂಟು, ನಡುದಾರಿಯಲ್ಲಿ ಬೇರೆ ಗತಿ ಇಲ್ಲದಾಗ ಸರಿ, ಆದರೆ ಅದೇ ಪುಡಿ ರೇಡಿಯೇಟರ್‌ನ ಸಣ್ಣ ನಳಿಗೆಗಳನ್ನೂ ಕಟ್ಟುತ್ತದೆ.

ನೀವು ಹಾಕುತ್ತಿರುವುದು ಬೋರ್‌ವೆಲ್ ನೀರು ಅಲ್ವಾ? ಮನೆಯ ಗೀಸರ್ ರಾಡಿಗೆ ಕಟ್ಟುವ ಸುಣ್ಣವೇ ರೇಡಿಯೇಟರ್ ಒಳಗೂ ಕಟ್ಟುತ್ತದೆ. ಮುಳ್ಳು ಏರುವುದಕ್ಕೆ ಇದೂ ದೊಡ್ಡ ಕಾರಣ. ಬ್ಯಾಟರಿ ಅಂಗಡಿಯಲ್ಲಿ ಡಿಸ್ಟಿಲ್ಡ್ ವಾಟರ್ ಸಿಗುತ್ತದೆ, ಅರ್ಧ ಅದು, ಅರ್ಧ ಕೂಲಂಟ್ ಬೆರೆಸಿ. ರೆಡಿಮಿಕ್ಸ್ ಡಬ್ಬ ತಂದರೆ ನೀರು ಸೇರಿಸಬೇಡಿ. ತಣ್ಣನೆಯ ಇಂಜಿನ್‌ಗೆ ತುಂಬಿ, ಕ್ಯಾಪ್ ತೆಗೆದಿಟ್ಟು, ಹೀಟರ್ ಪೂರ್ತಿ ಬಿಸಿಗೆ ತಿರುಗಿಸಿ ಸ್ಟಾರ್ಟ್ ಮಾಡಿ. ಗುಳ್ಳೆ ಬಂದಂತೆ ಮಟ್ಟ ಇಳಿಯುತ್ತದೆ, ತುಂಬುತ್ತಾ ಹೋಗಿ, ಮುಖ ದೂರವಿರಲಿ. ಗುಳ್ಳೆ ನಿಲ್ಲದೇ ಬರುತ್ತಿದ್ದರೆ, ಅಥವಾ ಇಂಜಿನ್ ಆಯಿಲ್ ಹಾಲು ಬೆರೆತಂತೆ ಕಂಡರೆ, ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಸೀಲ್) ಹೋಗಿರಬಹುದು. ಅದು ಮನೆಯ ಕೆಲಸವಲ್ಲ.

ಇಳಿಸಿದ ಹಳೆ ಕೂಲಂಟ್ ದಯವಿಟ್ಟು ಅಂಗಳದಲ್ಲಿ ಬಿಡಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ, ನಾಯಿ, ಕರು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ. ಚರಂಡಿಗೂ ಬೇಡ. ಡಬ್ಬದಲ್ಲಿ ಮುಚ್ಚಿಟ್ಟು ಗ್ಯಾರೇಜಿಗೆ ಕೊಡಿ.

ಪ್ರಶ್ನೆ: ಗೋವಾದಿಂದ ವಾಪಸ್ ಬರುವಾಗ ಚೋರ್ಲಾ ಘಾಟ್ ಏರುತ್ತಿದ್ದಂತೆ ಗಾಡಿ ಕಾಯುತ್ತದೆ. ಆಗ ಏನು ಮಾಡಬೇಕು?
– ಓದುಗರು, ಬೆಳಗಾವಿ

ಉತ್ತರ: ಮುಳ್ಳು ಏರತೊಡಗಿದ ಕೂಡಲೇ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ. ಒಳಗೆ ಕೂತವರಿಗೆ ಸೆಕೆಯಾಗುತ್ತದೆ ನಿಜ, ಆದರೆ ಇಂಜಿನ್‌ನ ಬಿಸಿ ಅಷ್ಟು ಹೊರಗೆ ಬರುತ್ತದೆ. ಆದರೂ ಇಳಿಯದಿದ್ದರೆ, ಅಥವಾ ಹಬೆ ಕಂಡರೆ, ತಿರುವಿಲ್ಲದ ಕಡೆ ಪಕ್ಕಕ್ಕೆ ಹಾಕಿ ಇಂಜಿನ್ ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ಕಾದ ಕ್ಯಾಪ್ ಮುಟ್ಟಬೇಡಿ. ಕಾದ ಇಂಜಿನ್‌ಗೆ ತಣ್ಣೀರು ಸುರಿದರೆ ಹೆಡ್ ಸೀಳಬಹುದು. ಮೇಲಿನ ಹೋಸ್ ಕೈಗೆ ತಣ್ಣಗೆ, ಮೆತ್ತಗೆ ಸಿಕ್ಕ ಮೇಲೆ, ದಪ್ಪ ಬಟ್ಟೆ ಹಾಕಿ ಕ್ಯಾಪನ್ನು ಮೊದಲು ತಡೆದು ನಿಲ್ಲುವ ಜಾಗದವರೆಗೆ ಮಾತ್ರ ತಿರುಗಿಸಿ, ಉಸ್ ಅನ್ನುವ ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ.