ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಮಲಗುವ ಅಜ್ಜನಿಗೆ ಊರಾಚೆ ಒಂದು ಬಾಡಿಗೆ ರೂಮು ನೋಡಿದ್ದೇವೆ. ಮೊದಲು ಕುಡಿತ ಬಿಡಿಸಬೇಕಾ, ಮೊದಲು ಮನೆ ಕೊಡಬೇಕಾ?

ಕುಡಿತದ ವಿಷಯ ಆಮೇಲೆ. "ಊರಾಚೆ" ಅಂದಿರಲ್ಲ, ನನಗೆ ಎದೆ ಝಲ್ಲೆಂದಿದ್ದು ಅಲ್ಲಿ.

ನಮ್ಮದು ಮೈಸೂರು. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಬರುವ ಐದು ಜನ ನಾವು. 2018ರಲ್ಲಿ ಅಣ್ಣಯ್ಯನಿಗೆ ಒಂದು ಸೂರು ಮಾಡಿಕೊಡೋಣ ಅಂತ ಹೊರಟೆವು. ಅಣ್ಣಯ್ಯ ಮಳವಳ್ಳಿ ಕಡೆಯವರು, ದೇವರಾಜ ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಹೊರುತ್ತಿದ್ದರು. ಕಾಲು ಮುರಿಯಿತು, ಮೂಟೆ ಹೊರೋಕಾಗಲಿಲ್ಲ, ಬಾಡಿಗೆ ಬಾಕಿ ಬಿತ್ತು. ಕೊನೆಗೆ ಅಂಗಡಿ ಜಗಲಿಯೇ ಗತಿಯಾಯಿತು. ರಾತ್ರಿ ಒಂದು ಕ್ವಾರ್ಟರ್ ಬೇಕೇ ಬೇಕು. ಬಿಡಿಸಿ ಮನೆ ಕೊಡೋದಾ, ಕೊಟ್ಟು ಬಿಡಿಸೋದಾ ಅಂತ ನಾವೂ ಎರಡು ತಿಂಗಳು ಕಿತ್ತಾಡಿದೆವು.

ಅಷ್ಟರಲ್ಲಿ ಬೋಗಾದಿ ಆಚೆಯ ಒಂದು ಬಡಾವಣೆಯಲ್ಲಿ ಔಟ್‌ಹೌಸ್ ಸಿಕ್ಕಿತು. ಫ್ಯಾನು, ಗ್ಯಾಸ್ ಒಲೆ, ಒಳಗೇ ಬಚ್ಚಲು. ಹಾಲುಕ್ಕಿಸಿ ಫೋಟೋನೂ ತೆಗೆಸಿಕೊಂಡೆವು. ಒಂಬತ್ತನೇ ದಿನ ಹೂವಿನಂಗಡಿ ಅಕ್ಕನ ಫೋನು: "ಸಾ, ನಿಮ್ಮಣ್ಣಯ್ಯ ಇಲ್ಲೇ ಮಲಗವ್ರೆ."

ಓಡಿದೆ. ಅದೇ ಜಗಲಿ, ಅದೇ ಗೋಣಿಚೀಲ. ಮನೆಯ ಬೀಗದಕೈ ಮಾತ್ರ ಉಡುದಾರಕ್ಕೆ ಭದ್ರವಾಗಿ ಕಟ್ಟಿಕೊಂಡಿದ್ದರು. ಕುಡಿಯೋದಕ್ಕೇ ಓಡಿ ಬಂದಿದ್ದಾರೆ ಅಂತ ಬಾಯಿಗೆ ಬಂದಂತೆ ಬೈದೆ. ಅವರು ಎದುರಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ಅಲ್ಲಿ ಸತ್ತೋದ್ರೆ ವಾಸ್ನೆ ಬಂದ್ಮೇಲೆ ಗೊತ್ತಾಯ್ತದೆ ಸ್ವಾಮಿ. ಇಲ್ಲಿ ಹೂವಿನ ಗಾಡಿ ಬರೋ ಹೊತ್ಗೆ ಗೊತ್ತಾಯ್ತದೆ."

ನಮ್ಮ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಅದು ನಮಗೆ ಒಂದು ವರ್ಷ ತಿಂದಿತು. ಅವರು ಮತ್ತೆ ನಮ್ಮನ್ನು ನಂಬೋಕೆ ಅಷ್ಟು ಕಾಲ ಹಿಡಿಯಿತು. ನಾವು ನೋಡಿದ್ದು ಗೋಡೆ, ಸೂರು, ಬಚ್ಚಲು. ಬೆಳಗಿನಿಂದ ರಾತ್ರಿವರೆಗೆ ಆ ಮನುಷ್ಯ ಹೇಗೆ ಬದುಕುತ್ತಾರೆ ಅಂತ ನೋಡಲೇ ಇಲ್ಲ. ಮಾರ್ಕೆಟ್ಟಿನಲ್ಲಿ ನಸುಕಿಗೇ ಹೂವಿಗೆ ನೀರು ಚಿಮುಕಿಸಿದರೆ ಒಂದು ಕಾಫಿ, ಐವತ್ತು ರೂಪಾಯಿ. ಅಂಗಡಿಯವರು ತಿಂಡಿಗೆ ಹೋದಾಗ ಕಾವಲು ಕೂತರೆ ಇನ್ನಿಪ್ಪತ್ತು. ಇಂದಿರಾ ಕ್ಯಾಂಟೀನಲ್ಲಿ 10 ರೂಪಾಯಿಗೆ ಊಟ. ಕಾಲಿನ ಗಾಯಕ್ಕೆ ಪಟ್ಟಿ ಕಟ್ಟಿಸಲು ದೊಡ್ಡಾಸ್ಪತ್ರೆ, ಕುಂಟುತ್ತಲೇ ಹೋಗಿಬರುವಷ್ಟು ಹತ್ತಿರ. ಆ ಬಡಾವಣೆಯಲ್ಲಿ ಏನಿತ್ತು? ಹಾಕಿದ ಗೇಟುಗಳು, ಬೊಗಳುವ ನಾಯಿ, "ಯಾರ್ ಮನೆಗೆ?" ಅನ್ನುವ ವಾಚ್‌ಮನ್. ಮಾರ್ಕೆಟ್ಟಿಗೆ ಬರೋಕೆ ಬಸ್ ಚಾರ್ಜು. ಮಾತಿಗೆ ಒಂದು ನರಪಿಳ್ಳೆ ಇಲ್ಲ. ಕುಡಿತ ಅಲ್ಲಿ ಜಾಸ್ತಿಯೇ ಆಗಿತ್ತಂತೆ.

ಎರಡನೇ ಸಲ ಮಂಡಿ ಮೊಹಲ್ಲಾದ ವಠಾರದಲ್ಲಿ ಒಂದು ರೂಮು ಹಿಡಿದೆವು. ಕತ್ತಲೆ ಕೋಣೆ, ಎಲ್ಲರಿಗೂ ಸೇರಿ ಒಂದೇ ಕಕ್ಕಸು. ನಮ್ಮಲ್ಲಿಬ್ಬರು ಮೂಗು ಮುರಿದರು. ಅಣ್ಣಯ್ಯ ಈಗಲೂ ಅಲ್ಲೇ ಇದ್ದಾರೆ. 2020ರ ಲಾಕ್‌ಡೌನಿನಲ್ಲಿ ಜಗಲಿ ಮೇಲೆ ಮಲಗುತ್ತಿದ್ದ ಅವರ ಜೊತೆಗಾರರನ್ನು ನಂಜರಾಜ ಬಹದ್ದೂರ್ ಛತ್ರಕ್ಕೆ ಸೇರಿಸಿದಾಗ, ಇವರು ತಮ್ಮ ರೂಮಿನ ಬಾಗಿಲಿಗೆ ಚಿಲಕ ಹಾಕಿಕೊಂಡು ಮಲಗಿದ್ದರು. ಛತ್ರದವರಿಗೆ ಬೀಡಿ ಕೊಟ್ಟುಬರಬೇಕು ಅಂತ ಮಾತ್ರ ದಿನಾ ಹಠ.

ಕುಡಿತ? ಇದೆ, ಕಮ್ಮಿಯಾಗಿದೆ. ನಾವು ಕೇಳೋದು ಬಿಟ್ಟೆವು. ಮೊದಲು ಮನೆ ಅನ್ನೋದೇನೂ ನಾವು ಕಂಡುಹಿಡಿದದ್ದಲ್ಲ. ನ್ಯೂಯಾರ್ಕಿನಲ್ಲಿ 1992ರಲ್ಲೇ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞ ಷರತ್ತಿಲ್ಲದೆ ಮೊದಲು ಮನೆ ಕೊಟ್ಟು, ಚಿಕಿತ್ಸೆ ಆಮೇಲೆ ಅಂದರು. ಫಿನ್ಲೆಂಡ್ 2008ರಿಂದ ಇದನ್ನೇ ದೇಶದ ನೀತಿ ಮಾಡಿಕೊಂಡಿತು. ನಮಗೆ ಹತ್ತಿರದ್ದು ಚೆನ್ನೈನ ದಿ ಬನ್ಯನ್ ಸಂಸ್ಥೆ. ಮಾನಸಿಕ ಕಾಯಿಲೆಯಿಂದ ಬೀದಿಗೆ ಬಿದ್ದವರನ್ನು ನಾಲ್ಕೈದು ಜನರಂತೆ ಮಾಮೂಲಿ ಬೀದಿಯ ಬಾಡಿಗೆ ಮನೆಗಳಲ್ಲಿ ಇಡುತ್ತಾರೆ, ನೋಡಿಕೊಳ್ಳುವವರೂ ಜೊತೆಗಿರುತ್ತಾರೆ. ಮಾಮೂಲಿ ಬೀದಿ ಅನ್ನೋದನ್ನು ಗಮನಿಸಿ.

ನಮ್ಮ ಏರ್ಪಾಡು ಇಷ್ಟೇ. ಬಾಡಿಗೆ ನೇರ ಓನರಮ್ಮನ ಕೈಗೆ. ಜಗಳ, ಜ್ವರ ಏನಾದರೂ ನನಗೆ ಫೋನು. ಬೆಳಗ್ಗೆ ಅಣ್ಣಯ್ಯ ಬರದಿದ್ದರೆ ಹೂವಿನಂಗಡಿ ಅಕ್ಕ ಹುಡುಗನನ್ನು ಕಳಿಸುತ್ತಾರೆ. ವಾರಕ್ಕೊಮ್ಮೆ ನಮ್ಮಲ್ಲೊಬ್ಬರು ಹೋಗಿ ಸುಮ್ನೆ ಕೂತು ಬರುತ್ತೇವೆ, ಉಪದೇಶ ಇಲ್ಲ. ವಿಳಾಸ ಅಂತ ಒಂದು ಆದ ಮೇಲೆ ಆಧಾರ್ ಸರಿ ಮಾಡಿಸಿ, ಬ್ಯಾಂಕ್ ಖಾತೆ ತೆರೆಸಿ, ನಾಡಕಚೇರಿಯಲ್ಲಿ ಸಂಧ್ಯಾ ಸುರಕ್ಷಾ ಅನ್ನುವ ವೃದ್ಧರ ಪಿಂಚಣಿಗೆ ಅರ್ಜಿ ಹಾಕಿದೆವು. 65 ದಾಟಿದವರಿಗೆ ತಿಂಗಳಿಗೆ 1200. ನಿಮ್ಮ ಅಜ್ಜನಿಗೂ ರೂಮು ಆದ ಕೂಡಲೇ ಇದನ್ನು ಮಾಡಿಸಿ. ರೂಮು ಸಿಗುವವರೆಗೆ ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ ವಿಚಾರಿಸಿ. ನಗರದ ಬಡವರಿಗಾಗಿ ಕೇಂದ್ರ ಸರ್ಕಾರ ನಡೆಸುತ್ತಿದ್ದ ಡೇ-ನಲ್ಮ್ ಯೋಜನೆಯ ನಿಯಮದಲ್ಲಿ 1 ಲಕ್ಷ ಜನಸಂಖ್ಯೆಗೆ 100 ಜನರ ಜಾಗ ಅಂತಿತ್ತು, ಮಂಡ್ಯ ಲಕ್ಷ ದಾಟಿದ ಊರೇ ಅಲ್ವಾ.

ಆ ಊರಾಚೆ ರೂಮಿಗೆ ಅಡ್ವಾನ್ಸ್ ಕೊಟ್ಟಿದ್ದರೆ ವಾಪಸ್ ಕೇಳಿ. ಒಂದು ದಿನ ರಜೆ ಹಾಕಿ ಬಸ್ ಸ್ಟ್ಯಾಂಡಿನಲ್ಲಿ ಅಜ್ಜನ ಜೊತೆ ಕೂರಿ. ಟೀ ಯಾರು ಕೊಡುತ್ತಾರೆ, ಬಾತ್‌ರೂಮಿಗೆ ಹೋಗುವಾಗ ಚೀಲ ಯಾರ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ ನೋಡಿ. ಆ ಅಂಗಡಿಯವರನ್ನೇ ಕೇಳಿ, ಇಲ್ಲೆಲ್ಲಾದರೂ ರೂಮು ಖಾಲಿ ಇದೆಯಾ ಅಂತ.