ಅಪ್ಪನ ಪುಣ್ಯಸ್ಮರಣೆಗೆ ಹದಿನಾರು ಪುಟ: ಏನು ಬರೆಯಬೇಕು, ಹೇಗೆ ಅಚ್ಚು ಹಾಕಿಸಬೇಕು

ಆಳಂದ ತಾಲೂಕಿನ ಒಕ್ಕಲುತನದ ಮನೆ, ತಂದೆ ಕಲಬುರಗಿಯ ಶರಣಬಸವೇಶ್ವರರ ಭಕ್ತರು, ಎಂಬತ್ತರ ಆಸುಪಾಸಿನಲ್ಲಿ ಲಿಂಗೈಕ್ಯರಾದರು, ಮೊದಲ ವರ್ಷದ ಪುಣ್ಯಸ್ಮರಣೆಗೆ ಒಂದು ಪುಸ್ತಿಕೆ ಹಂಚಬೇಕು ಎಂದು ಬರೆದಿದ್ದೀರಿ. ಬರೆಯಲು ಕುಂತರೆ ‘ದೇವರಂಥ ಮನುಷ್ಯ’ ಎಂಬ ಮಾತಿಗಿಂತ ಮುಂದೆ ಪೆನ್ನು ಓಡುತ್ತಿಲ್ಲ ಅಂತಲೂ ಹೇಳಿದ್ದೀರಿ.

ಮೊದಲು ಆ ಮಾತನ್ನೇ ತೆಗೆದುಹಾಕಿ. ನಮ್ಮ ಕಡೆಯ ಸ್ಮರಣ ಪುಸ್ತಿಕೆಗಳಲ್ಲೆಲ್ಲ ಅದಿರುತ್ತದೆ, ಹೆಸರು ಬದಲಿಸಿದರೆ ಯಾರಿಗೂ ಹೊಂದುತ್ತದೆ. ಸಂಸಾರಿಯಾಗಿದ್ದ ಭಕ್ತನ ಬಗ್ಗೆ ಬರೆಯುವಾಗ ನನಗೆ ಗೊತ್ತಿರುವ ದಾರಿ ಒಂದೇ. ಅವರ ಭಕ್ತಿ ಮನೆಯೊಳಗೆ ಯಾರ ತಾಟಿಗೆ, ಯಾರ ಕೈಗೆ, ಯಾವ ಹೊತ್ತಿಗೆ ಮುಟ್ಟುತ್ತಿತ್ತು ಅಂತ ಕೇಳುತ್ತ ಹೋಗಬೇಕು. ಶರಣಬಸವೇಶ್ವರರನ್ನೇ ತೆಗೆದುಕೊಳ್ಳಿ. ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಹೊಲ ಮಾಡಿಕೊಂಡು ಸಂಸಾರ ನಡೆಸಿದವರು. ತೆನೆಗೆ ಬಂದ ಹಕ್ಕಿಗಳನ್ನು ಓಡಿಸದೆ ನೀರಿಟ್ಟರು, ಬಂದವರಿಗೆಲ್ಲ ಉಣಬಡಿಸಿದರು ಅಂತ ಜನ ಇವತ್ತಿಗೂ ಹೇಳುತ್ತಾರೆ. ಅವರು ಲಿಂಗೈಕ್ಯರಾಗಿ ಎರಡು ನೂರು ವರ್ಷ ದಾಟಿದರೂ ಆ ನೀರಿನ ಮಡಕೆ ಕಣ್ಣಿಗೆ ಕಟ್ಟುತ್ತದೆ. ನಿಮ್ಮ ತಂದೆಯ ಅಂಥ ಮಡಕೆ ಯಾವುದು ಅಂತ ಹುಡುಕಿ.

ಹುಡುಕಾಟ ತಾಯಿಯಿಂದ ಶುರುವಾಗಲಿ. ‘ಅಪ್ಪ ಹೆಂಗಿದ್ದ?’ ಅಂತ ಕೇಳಿದರೆ ‘ಭಾಳ ಛಲೋ ಇದ್ದ’ ಅಂತಾರೆ, ಅಲ್ಲಿಗೆ ಮಾತು ನಿಂತೇ ಹೋಗುತ್ತದೆ. ಅದರ ಬದಲು ವಸ್ತು ಮುಂದಿಟ್ಟು ಕೇಳಿ. ಇಷ್ಟಲಿಂಗ ಸಮಾಧಿಯಲ್ಲಿ ಅವರ ಅಂಗೈಯಲ್ಲೇ ಹೋಗಿರುತ್ತದೆ. ಆದರೆ ಲಿಂಗ ಇಡುತ್ತಿದ್ದ ಹಳೆಯ ಕರಡಿಗೆ, ಅದರ ಶಿವದಾರ, ಪೂಜೆಯ ಗಿಂಡಿ, ವಿಭೂತಿ ಗಟ್ಟಿ ದೇವರ ಮನೆಯ ಗೂಡಿನಲ್ಲಿ ಇನ್ನೂ ಇದ್ದೀತು. ದಿನಾ ಮೂರು ಬೆರಳು ಎಳೆದ ಗಟ್ಟಿ ಒಂದೇ ಬದಿಗೆ ಸವೆದು ನಡುವೆ ತಗ್ಗು ಬಿದ್ದಿರುತ್ತದೆ. ಅದನ್ನು ತಾಯಿಯ ಕೈಗೆ ಕೊಟ್ಟು, ‘ಎಷ್ಟೊತ್ತಿಗೆ ಪೂಜಾಕ್ಕ ಕೂಡ್ತಿದ್ದ? ನೀರು ಯಾರು ಕಾಸಿ ಕೊಡ್ತಿದ್ರು? ಪತ್ರಿ ಯಾವ ಗಿಡದ್ದು? ಜ್ವರ ಬಂದಾಗ ಏನ್ ಮಾಡ್ತಿದ್ದ?’ ಅಂತ ಕೇಳಿ. ಉತ್ತರ ಹೊಳೆಯಾಗಿ ಬರುತ್ತದೆ.

ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಫ್ಯಾನು ಬಂದ್ ಮಾಡಿ, ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು. ವಯಸ್ಸಾದವರು ಅದಕ್ಕಿಂತ ಹೆಚ್ಚು ಕುಂತರೆ ದಣಿದು ‘ಹೂಂ, ಹೂಂ’ ಅಂತ ಒಪ್ಪಿಕೊಳ್ಳಲು ಶುರು ಮಾಡುತ್ತಾರೆ. ಆಮೇಲೆ ಅಕ್ಕತಂಗಿಯರು, ಹೊಲದಲ್ಲಿ ಜೊತೆಗೆ ದುಡಿದವರು, ಭಜನೆಯ ಜೊತೆಗಾರರು. ಕೊಟ್ಟು ಹೋದ ಹೆಣ್ಣುಮಕ್ಕಳನ್ನು ಬೇರೆಯಾಗಿ, ಒಬ್ಬೊಬ್ಬರನ್ನೇ ಮಾತಾಡಿಸಿ. ಅಣ್ಣತಮ್ಮಂದಿರ ಎದುರು ಅವರು ಎಲ್ಲ ಹೇಳುವುದಿಲ್ಲ.

ಬರೆಯುವಾಗ ಗುಣ ಹೇಳಬೇಡಿ, ಮಾಡಿದ ಕೆಲಸ ಹೇಳಿ. ‘ಅಪ್ಪ ದಾಸೋಹಿಯಾಗಿದ್ದರು, ಎಲ್ಲರನ್ನೂ ಸಮನಾಗಿ ಕಾಣುತ್ತಿದ್ದರು’ ಎಂಬ ಸಾಲಿನ ಜಾಗಕ್ಕೆ ಇಂಥದ್ದು ಬರಲಿ:

‘ಎಳ್ಳಮಾಸಿ ದಿನ ಅಪ್ಪ ಹೊಲದ ತುಂಬ ಚರಗ ಚೆಲ್ಲಿ ಬರೋವರೆಗೂ ಯಾರೂ ಬುತ್ತಿ ಬಿಚ್ಚುತ್ತಿರಲಿಲ್ಲ. ಮೊದಲ ಸಜ್ಜಿ ರೊಟ್ಟಿ ಆಳುಮಗನ ಕೈಗೆ, ಆಮೇಲೆ ಮಕ್ಕಳಿಗೆ. ಅವ್ವ ಕಡೀಕ ಕೂಡುವಷ್ಟರಲ್ಲಿ ಭಜ್ಜಿ ಪಾತ್ರೆಯ ತಳ ಕಂಡಿರುತ್ತಿತ್ತು. ಅಪ್ಪ ತನ್ನ ತಾಟಿನ ಭಜ್ಜಿ ಅರ್ಧ ಅವಳ ಕಡೆ ದೂಡುತ್ತಿದ್ದ.’

ಇದು ನಾನು ಮಾದರಿಗೆ ಕಟ್ಟಿದ್ದು (ಎಳ್ಳಮಾಸಿ ಅಂದರೆ ಎಳ್ಳ ಅಮಾವಾಸ್ಯೆ, ಚರಗ ಅಂದರೆ ಅಂದು ಹೊಲಕ್ಕೆ ಚೆಲ್ಲುವ ಎಡೆ). ನಿಮ್ಮ ಮನೆಯಲ್ಲಿ ನಡೆದದ್ದನ್ನೇ ಹಾಕಿ. ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಲೂ ಬೇಡಿ. ‘ಊಟ ಮಾಡಿಕೊಂಡು ಹೋಗಿರಿ’ ಅಂತ ಅವರು ಎಂದೂ ಅಂದಿರಲಿಕ್ಕಿಲ್ಲ. ‘ಉಂಡ್ ಹೋಗ್ರೆಪಾ’ ಅಂದಿದ್ದರೆ ಹಾಗೇ ಅಚ್ಚಾಗಲಿ. ವಚನಗಳನ್ನು ಪುಟಕ್ಕೊಂದರಂತೆ ತುಂಬುವ ರೂಢಿ ನನಗೆ ಒಗ್ಗುವುದಿಲ್ಲ. ಅವರು ನಿಜವಾಗಿ ಹಾಡುತ್ತಿದ್ದ ಒಂದೆರಡು ಸಾಕು, ಯಾವಾಗ ಹಾಡುತ್ತಿದ್ದರು ಎಂಬುದೂ ಜೊತೆಗಿರಲಿ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಗಂಡಸಿನ ದಾಸೋಹ ನಿಂತಿರುವುದು ಮನೆಯಾಕೆ ಬಡಿದ ರೊಟ್ಟಿಯ ಮೇಲೆ. ಶರಣಬಸವೇಶ್ವರರ ಜಾತ್ರೆಗೆ ಕಲಬುರಗಿಗೆ ನಡೆದು ಹೊರಟವರು ನಿಮ್ಮ ಮನೆಯಲ್ಲಿ ಉಳಿದು ಹೋಗುತ್ತಿದ್ದರು ಎಂದಾದರೆ, ಆ ರಾತ್ರಿ ಒಲೆ ಮುಂದೆ ಯಾರಿದ್ದರು, ಎಷ್ಟು ಸೇರು ಜೋಳ ಬೀಸಿದರು ಅಂತಲೂ ಬರೆಯಿರಿ. ಸಿಟ್ಟು, ಹಟ ಇದ್ದರೆ ಒಂದು ಕಡೆ ಅದೂ ಬರಲಿ, ಓದಿದವರು ‘ಹೌದು, ಇದು ಅವನೇ’ ಅಂತ ಗುರುತು ಹಿಡಿಯುವುದು ಅಲ್ಲೇ. ಹೊಲದ ಪಾಲು, ಸಾಲದ ತಕರಾರು ಮಾತ್ರ ಬೇಡ.

ತಾರೀಖಿನಲ್ಲಿ ತಪ್ಪುವವರು ಬಹಳ. ಶಾಲೆಯ ದಾಖಲೆಯಲ್ಲಿ ಜೂನ್ 1 ಅಂತಿದ್ದರೆ ಅದು ಮಾಸ್ತರರು ಹಾಕಿದ್ದು ಎಂದೇ ಹಿಡಿಯಿರಿ. ಊರವರ ನೆನಪಿನ ಗೂಟಗಳಿಗೆ ಕಟ್ಟಿ ನೋಡಿ: ನಿಜಾಮರ ಪರವಿದ್ದ ರಜಾಕಾರರ ಗದ್ದಲ ಮುಗಿದದ್ದು 1948ರ ಸೆಪ್ಟೆಂಬರ್ 17ಕ್ಕೆ, ದೊಡ್ಡ ಬರ 1972ರಲ್ಲಿ, ಗಣಪತಿ ಕಳಿಸಿದ ರಾತ್ರಿಯ ನಸುಕಿಗೆ ಕಿಲ್ಲಾರಿ ಭೂಕಂಪ ಆದದ್ದು 1993ರ ಸೆಪ್ಟೆಂಬರ್ 30ರಂದು. ‘ಗದ್ದಲದಾಗ ಕಂಕುಳ ಕೂಸು’ ಅಂತ ಯಾರಾದರೂ ಅಂದರೆ ವಯಸ್ಸು ಸಿಕ್ಕಿತು. ಅಜ್ಜನ ಕಾಲದ ಉರ್ದು ಕಾಗದದಲ್ಲಿ ಇರುವುದು ಫಸಲಿ ಇಸವಿ, ಅಂದರೆ ನಿಜಾಮರ ಸರಕಾರದ ಕಂದಾಯದ ವರ್ಷ. ಅದರ ಮೊದಲ ತಿಂಗಳು ಆಜುರ್, ಅಕ್ಟೋಬರ್ ಮೊದಲ ವಾರದಲ್ಲಿ ಶುರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಾರೀಖಾದರೆ ಫಸಲಿ ಇಸವಿಗೆ 590 ಕೂಡಿಸಿದರೆ ಇಂಗ್ಲಿಷ್ ಇಸವಿ, ಉಳಿದ ತಿಂಗಳಾದರೆ 591. ನಿಜಾಮರ ಜಾಗೀರು ರದ್ದಾದದ್ದು ಫಸಲಿ 1358ರಲ್ಲಿ, ಅಂದರೆ 1949ರ ಆಗಸ್ಟ್. ಈ ಲೆಕ್ಕದಿಂದ ನಿಮ್ಮ ಕೂಡಿಕೆ ತಾಳೆ ನೋಡಬಹುದು.

ಪುಣ್ಯಸ್ಮರಣೆ ತಿಥಿಗೋ ತಾರೀಖಿಗೋ ಅಂತ ಅಚ್ಚಿಗೆ ಮೊದಲೇ ಹಿರಿಯರ ಹತ್ತಿರ ಖಾತ್ರಿ ಮಾಡಿಕೊಳ್ಳಿ. ಚಾಂದ್ರಮಾನ ವರ್ಷ 354 ದಿನದ್ದು, ಹಾಗಾಗಿ ತಿಥಿ ಸುಮಾರು 11 ದಿನ ಮುಂಚೆ ಬರುತ್ತದೆ. ನಡುವೆ ಅಧಿಕ ಮಾಸ ಬಿದ್ದರೆ 19 ದಿನದಷ್ಟು ತಡ. ಪುಸ್ತಿಕೆಯಲ್ಲಿ ಎರಡನ್ನೂ ಹಾಕಿ.

ಇನ್ನು ಅಚ್ಚು. ನಡುವೆ ಪಿನ್ನು ಹೊಡೆಯುವ ಪುಸ್ತಿಕೆಯ ಪುಟ ನಾಲ್ಕರ ಲೆಕ್ಕದಲ್ಲೇ ಇರಬೇಕು, ಎ5 ಅಳತೆಯ 16 ಪುಟ ಸಾಕು. 12 ಪಾಯಿಂಟ್ ಅಕ್ಷರದಲ್ಲಿ ಪುಟಕ್ಕೆ ಸುಮಾರು 180 ಪದ ಹಿಡಿಯುತ್ತದೆ. ಫೋಟೊಕ್ಕೆ ನಾಲ್ಕು, ವಂಶಾವಳಿಗೆ ಒಂದು, ಮೊದಲ ಪುಟ ಒಂದು ಬಿಟ್ಟರೆ ಬರಹಕ್ಕೆ ಹತ್ತು ಪುಟ, 1,800 ಪದ. ಒಳಗೆ 100 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ (ಜಿಎಸ್‌ಎಂ ಅಂದರೆ ಕಾಗದದ ತೂಕದ ಅಳತೆ), ಹೊದಿಕೆಗೆ 250 ಜಿಎಸ್‌ಎಂ ಆರ್ಟ್ ಕಾಗದ. ಅಂದು ವೇದಿಕೆಯಲ್ಲಿ ಓದುವುದಿದ್ದರೆ ಐದು ನಿಮಿಷಕ್ಕೆ 500 ಪದಕ್ಕಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಹಳೆಯ ಫೋಟೊ ಚಿಕ್ಕದಿದ್ದರೆ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ. ಗಾಜಿಗೆ ಅಂಟಿದ್ದರೆ ಕೀಳಲು ಹೋಗಬೇಡಿ, ಮುಖವೇ ಗಾಜಿನ ಜೊತೆ ಬಂದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನರ್ ಮೇಲೆ ಇಡಿಸಿ. ವಾಟ್ಸಾಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿ.

ಅಕ್ಷರ ಕೆಡುವುದು ಪ್ರೆಸ್ಸಿನಲ್ಲಿ. ಮೊಬೈಲಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಪ್ರೆಸ್ಸಿನವರು ಪುಟ ಕಟ್ಟುವ ಹಳೆಯ ಪೇಜ್‌ಮೇಕರ್ ತಂತ್ರಾಂಶ ಅದನ್ನು ಓದುವುದಿಲ್ಲ, ನುಡಿ ತಂತ್ರಾಂಶದ ಹಳೆಯ ಅಕ್ಷರಕ್ಕೆ ಬದಲಿಸಬೇಕಾಗುತ್ತದೆ. ಬದಲಿಸುವಾಗ ಒತ್ತಕ್ಷರ ಕಳಚುತ್ತದೆ, ಅರ್ಕಾವೊತ್ತು ಜಾಗ ಬಿಡುತ್ತದೆ. ‘ಧರ್ಮ’, ‘ಸಂಸ್ಕಾರ’, ‘ಮಲ್ಲಿಕಾರ್ಜುನ’ದಂಥ ಪದಗಳನ್ನು ಬೆರಳಿಟ್ಟು ನೋಡಿ. ಕರಡು ಪರದೆಯ ಮೇಲೆ ಬೇಡ, ಕಾಗದದ ಮೇಲೆ ತರಿಸಿ. ಇದಕ್ಕೆಲ್ಲ ಕನಿಷ್ಠ ಮೂರು ವಾರ ಕೈಯಲ್ಲಿರಲಿ.

ಕಡೆಯ ಕರಡನ್ನು ತಾಯಿಯ ಮುಂದೆ ಗಟ್ಟಿಯಾಗಿ ಓದಿ. ವಂಶಾವಳಿಯ ಹೆಸರುಗಳನ್ನು ಅಳಿಯಂದಿರು, ಸೊಸೆಯಂದಿರು, ತೀರಿಹೋದ ಮಕ್ಕಳ ಸಮೇತ ಒಂದೊಂದಾಗಿ ಹೇಳಿ. ಬಿಟ್ಟುಹೋದ ಹೆಸರು ಅವರಿಗೇ ಮೊದಲು ಹೊಳೆಯುತ್ತದೆ, ಅಚ್ಚಾದ ಮೇಲೆ ಅದಕ್ಕೆ ಜಾಗವಿರುವುದಿಲ್ಲ.